ಪಾತ್ರ ನಮ್ಮದು, ಗಲ್ಲಾಪೆಟ್ಟಿಗೆ ಯಾರದು?

ಹೋದ ತಿಂಗಳು ಮಿಲ್ಲಿನ ಗೇಟಿನ ಬಳಿ, ಎರಡನೆಯ ಪಾಳಿ ಬಿಡುವ ಹೊತ್ತಿಗೆ ನಾವು ಈ ಪತ್ರಿಕೆಯನ್ನು ಹಂಚುತ್ತಿದ್ದಾಗ, ಹಿರಿಯ ಕೆಲಸಗಾರರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. “ಮೇಷ್ಟ್ರೆ, ಬೋನಸ್ಸಿನ ವಿಚಾರ ಬರೀತೀರಿ, ಸಂತೆ ಸುಂಕದ ವಿಚಾರ ಬರೀತೀರಿ. ನನ್ನ ಮಗನ ವಿಚಾರ ಯಾಕೆ ಬರೆಯೋದಿಲ್ಲ?” ಎಂದು ಕೇಳಿದರು. ಮಗ ಬೆಂಗಳೂರಿನ ಕೆ.ಆರ್.ಪುರದಲ್ಲಿ ರೂಮು ಮಾಡಿಕೊಂಡು ಗೋಡೌನ್ ಒಂದರಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸಕ್ಕಿದ್ದಾನೆ. ಸಂಬಳ ಹದಿನೇಳು ಸಾವಿರ. ಆ ತಿಂಗಳು ಊರಿಗೆ ಹಣ ಬಂದಿರಲಿಲ್ಲ. ಕೇಳಿದರೆ, ಮೊಬೈಲಿನ ಆಟದಲ್ಲಿ ಒಂದೇ ರಾತ್ರಿ 6,200 ರೂಪಾಯಿ ಹೋಯಿತೆಂದು ಹೇಳಿದನಂತೆ. “ಇಸ್ಪೀಟಿನಲ್ಲಿ ಕಳೆದಿದ್ದರೆ ನಾಲ್ಕು ಬಾರಿಸಬಹುದಿತ್ತು. ಇವನು ಕತ್ತಿ ಕೊಂಡೆ ಅಂತಾನೆ. ಯಾವ ಕತ್ತಿ ಮೇಷ್ಟ್ರೆ? ಮನೆಯಲ್ಲಿ ಈಳಿಗೆಮಣೆಗೂ ಹರಿತ ಇಲ್ಲ!”

ಪಕ್ಷದ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ನಾವು ಆ ಹುಡುಗನನ್ನು ಕಂಡೆವು. ತೂಗುಸೇತುವೆಯ ಆಚೆ, ಮೂವರು ಇರುವ ಒಂದು ಕೋಣೆ. ಚೂಟಿಯಾದ, ಮರ್ಯಾದೆಯುಳ್ಳ ಹುಡುಗ. ಬುದ್ಧಿ ಹೇಳಬೇಕೆಂದು ಹೋದ ನಮಗೆ ಅವನು ಹೇಳಿದ ಮಾತು ಇದು: “ಸಾರ್, ಗೋಡೌನಿನಲ್ಲಿ ಗಂಟೆಗೆ ಇಷ್ಟು ಪಾರ್ಸೆಲ್ ಅಂತ ಲೆಕ್ಕ. ಎಷ್ಟೇ ಮಾಡಿದ್ರೂ ಬೆಳಿಗ್ಗೆ ಮತ್ತೆ ಸೊನ್ನೆಯಿಂದ ಶುರು. ಆಟದಲ್ಲಿ ಹಾಗಲ್ಲ, ನಾನು ಮಾಡಿದ್ದು ಹೋಗೋದಿಲ್ಲ. ಅರವತ್ತನೇ ಮೆಟ್ಟಿಲು ಹತ್ತಿದವನನ್ನ ಯಾರೂ ಒಂದಕ್ಕೆ ಇಳಿಸೋದಿಲ್ಲ.”

ಈ ಮಾತಿಗೆ ಥಟ್ಟನೆ ಉತ್ತರ ಕೊಡಲು ನಮಗೆ ಆಗಲಿಲ್ಲ. ಈ ಲೇಖನ ಆ ಉತ್ತರದ ಪ್ರಯತ್ನ.

ಏನಿದು ಆಟ?

ರಮ್ಮಿ, ಕ್ರಿಕೆಟ್ ಪಂದ್ಯದ ಬಾಜಿ ಮೊದಲಾದ ಹಣದ ಆಟಗಳನ್ನು ಓದುಗರು ಬಲ್ಲರು. ನಾವು ಹೇಳುತ್ತಿರುವುದು ಬೇರೆ ಜಾತಿಯ ಆಟ. ಇದರಲ್ಲಿ ಆಡುವವನು ಒಂದು ವೇಷ ಕಟ್ಟುತ್ತಾನೆ. ಯೋಧನೋ, ವೈದ್ಯನೋ, ಮಂತ್ರವಾದಿಯೋ, ಕಮ್ಮಾರನೋ ಆಗಿ ಒಂದು ಕಲ್ಪನೆಯ ದೇಶದೊಳಕ್ಕೆ ಕಾಲಿಡುತ್ತಾನೆ. ಅದೇ ಹೊತ್ತಿನಲ್ಲಿ ಲೋಕದ ಮೂಲೆಮೂಲೆಗಳಿಂದ ಸಾವಿರಾರು ಜನ ಅದೇ ದೇಶದಲ್ಲಿ ಓಡಾಡುತ್ತಿರುತ್ತಾರೆ. ಅವರೊಡನೆ ಮಾತಾಡಬಹುದು, ವ್ಯಾಪಾರ ಮಾಡಬಹುದು, ಕೂಡಿ ಕಾದಬಹುದು. ಫೋನು ಆರಿಸಿ ಮಲಗಿದರೂ ಆ ದೇಶ ನಡೆಯುತ್ತಲೇ ಇರುತ್ತದೆ.

ನಮ್ಮ ಕಡೆಯ ಜನರಿಗೆ ವೇಷ ಕಟ್ಟುವುದು ಹೊಸದಲ್ಲ. ಹಬ್ಬ ಬಂದಿತೆಂದರೆ ಊರಿಗೂರೇ ಸೇರಿ ಕುರುಕ್ಷೇತ್ರ ನಾಟಕ ಆಡುವ ನಾಡು ಇದು. ಹಗಲು ಗಾರೆ ಕೆಲಸ ಮಾಡಿದವನು ರಾತ್ರಿ ದುರ್ಯೋಧನನಾಗಿ ಗದೆ ಹೊರುತ್ತಾನೆ, ಕಿರಾಣಿ ಅಂಗಡಿಯವರು ಕೃಷ್ಣನಾಗಿ ಪದ್ಯ ಹೇಳುತ್ತಾರೆ. ಅದನ್ನು ಹುಚ್ಚೆಂದು ಯಾರೂ ಜರೆಯುವುದಿಲ್ಲ. ಹಗಲೆಲ್ಲ “ಲೋ” ಎನ್ನಿಸಿಕೊಂಡವನಿಗೆ ಒಂದು ರಾತ್ರಿಯ ಮಟ್ಟಿಗಾದರೂ ಕಿರೀಟ ಬೇಕೆನ್ನಿಸುವುದರಲ್ಲಿ ತಪ್ಪೇನಿದೆ?

ಆದುದರಿಂದ ಈ ಆಟಗಳನ್ನು “ಹಾಳು ಚಟ” ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರೊಡನೆ ನಾವಿಲ್ಲ. “ಬರಿಯ ಮನರಂಜನೆ” ಎನ್ನುವ ಕಂಪೆನಿಯವರೊಡನೆಯೂ ಇಲ್ಲ. “ಬೆಳೆಯುತ್ತಿರುವ ಉದ್ಯಮ” ಎಂದು ಬೆನ್ನು ತಟ್ಟುವ ಸರ್ಕಾರದವರೊಡನೆಯಂತೂ ಇಲ್ಲವೇ ಇಲ್ಲ. ನಾವು ಸ್ವತಃ ಆಡಿದ್ದೇವೆ, ಆಡಿದವರಾಗಿಯೇ ಹೇಳುತ್ತಿದ್ದೇವೆ.

ಶಿವಾಜಿನಗರದ ಗಂಟೆಗೆ ಹದಿನೈದು ರೂಪಾಯಿ

ಸುಮಾರು ಇಪ್ಪತ್ತು ವರ್ಷದ ಹಿಂದೆ, ಎಸ್.ಎಸ್.ಎಲ್.ಸಿ. ಮುಗಿಸಿ ಹಲಸೂರಿನ ನೆಂಟರ ಮನೆಯಲ್ಲಿದ್ದಾಗ, ಶಿವಾಜಿನಗರದ ಬಸ್ ನಿಲ್ದಾಣದ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ನಾವು ಹೋಗುತ್ತಿದ್ದೆವು. ಗಂಟೆಗೆ ಹದಿನೈದು ರೂಪಾಯಿ. ಪಕ್ಕದ ಕುರ್ಚಿಗಳಲ್ಲಿ ರಸೆಲ್ ಮಾರ್ಕೆಟ್ಟಿನ ಹಣ್ಣಿನ ಅಂಗಡಿಯ ಹುಡುಗರು, ಗುಜರಿ ಅಂಗಡಿಯ ಹುಡುಗರು. ಉರ್ದು, ತಮಿಳು, ಕನ್ನಡ ಮೂರೂ ಒಂದೇ ಸಾಲಿನಲ್ಲಿ. ಅಲ್ಲಿ ಆಡುತ್ತಿದ್ದುದು ರೂನ್‌ಸ್ಕೇಪ್ ಎಂಬ ಆಟ. ಇಂಗ್ಲೆಂಡಿನ ಕೇಂಬ್ರಿಡ್ಜಿನವರು 2001ರಲ್ಲಿ ಹೊರತಂದದ್ದು. ಬ್ರೌಸರಿನಲ್ಲೇ ತೆರೆಯುತ್ತಿತ್ತು, ಪುಕ್ಕಟೆಯಾಗಿ ಆಡಬಹುದಿತ್ತು. ಬಡವರ ಮಕ್ಕಳಿಗೆ ಅಷ್ಟು ಸಾಕಾಗಿತ್ತು.

ಆ ಆಟದಲ್ಲಿ ಮಾಡಬೇಕಾದುದೇನು? ಮರ ಕಡಿಯುವುದು, ಬೆಂಕಿ ಹೊತ್ತಿಸುವುದು, ಮೀನು ಹಿಡಿಯುವುದು, ಗಣಿಯಲ್ಲಿ ಅದಿರು ತೆಗೆಯುವುದು, ಕಾಯಿಸಿ ಕಬ್ಬಿಣ ಮಾಡುವುದು, ಕಬ್ಬಿಣ ಬಡಿದು ಕತ್ತಿ ಮಾಡುವುದು. ಒಂದೊಂದು ಕಸುಬಿಗೂ 99 ಮೆಟ್ಟಿಲು. ಕೊನೆಯ ಮೆಟ್ಟಿಲಿಗೆ 1,30,34,431 ಅಂಕ ಬೇಕು. ಮೆಟ್ಟಿಲು ಏರಿದಂತೆಲ್ಲ ಮುಂದಿನದು ಕಡಿದಾಗುತ್ತ ಹೋಗಿ, 92ನೆಯ ಮೆಟ್ಟಿಲಿಗೆ ಬಂದಾಗ ನಿಜವಾದ ದಾರಿ ಅರ್ಧ ಮುಗಿದಿರುತ್ತದೆ. ಆಡಿದವರೆಲ್ಲರಿಗೂ ಬಾಯಿಪಾಠವಾಗಿರುವ ಲೆಕ್ಕ ಇದು. ಯಾರ ಮಗನೆಂದು ಯಾರೂ ಕೇಳುತ್ತಿರಲಿಲ್ಲ. ಮಾಲೀಕನ ಮಗನೂ ಮೊದಲ ದಿನ ಅದೇ ಮೊಂಡು ಕೊಡಲಿ ಹಿಡಿದು ಅದೇ ಮರದ ಮುಂದೆ ನಿಲ್ಲಬೇಕಾಗಿತ್ತು.

ನಿಜಜೀವನದಲ್ಲಿ ಇಂತಹ ಮರ ನಮ್ಮಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ? ಇಪ್ಪತ್ತು ವರ್ಷ ಮಗ್ಗ ನಡೆಸಿದವನ ಕೈಚಳಕವನ್ನು ಮಿಲ್ಲು ಮುಚ್ಚಿದ ಮರುದಿನ ಕೇಳುವವರಿರುವುದಿಲ್ಲ. ಕೆ.ಆರ್.ಪುರದ ಹುಡುಗ ಹೇಳಿದ್ದು ಇದನ್ನೇ. ತನ್ನ ದುಡಿಮೆ ಲೆಕ್ಕಕ್ಕೆ ಬರಬೇಕು, ಬಂದದ್ದು ಉಳಿಯಬೇಕು ಎಂಬುದು ದುಡಿಯುವವನ ಮೊದಲನೆಯ ಹಸಿವು. ನಮ್ಮ ಸಮಾಜ ಆ ಹಸಿವನ್ನು ತೀರಿಸದಿರುವುದರಿಂದ ಅದು ಮೊಬೈಲಿನೊಳಗೆ ಹೋಗಿ ಕುಳಿತಿದೆ.

ಕೂಡಿ ಆಡುವ ವಿದ್ಯೆ

ಎರಡನೆಯ ಸಂಗತಿ, ಸಂಘ. ಈ ಆಟಗಳಲ್ಲಿ ಅದನ್ನು ಗಿಲ್ಡ್ ಎನ್ನುತ್ತಾರೆ. ಯೂರೋಪಿನ ಹಳೆಯ ಕಸುಬುದಾರರ ಸಂಘಗಳಿಗಿದ್ದ ಹೆಸರು ಅದು. 2004ರ ನವೆಂಬರಿನಲ್ಲಿ ಅಮೆರಿಕೆಯ ಬ್ಲಿಝಾರ್ಡ್ ಕಂಪೆನಿ ಹೊರತಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿ ಮೊದಮೊದಲು ದೊಡ್ಡ ದೈತ್ಯನನ್ನು ಕೆಡಹಲು ನಲವತ್ತು ಜನ ಬೇಕಾಗುತ್ತಿತ್ತು. ಒಬ್ಬ ಏಟು ತಿನ್ನಬೇಕು, ಒಬ್ಬ ಗಾಯ ಮಾಯಿಸಬೇಕು, ಮಿಕ್ಕವರು ಹೊಡೆಯಬೇಕು. ಒಬ್ಬ ಮೈಮರೆತರೆ ನಲವತ್ತೂ ಮಣ್ಣು. ದೈತ್ಯ ಬಿದ್ದಾಗ ಸಿಗುವುದು ಎರಡೋ ಮೂರೋ ಆಭರಣ. ನಲವತ್ತು ಜನಕ್ಕೆ ಹಂಚುವುದು ಹೇಗೆ?

ಇದಕ್ಕೆ ಕಂಪೆನಿ ದಾರಿ ತೋರಿಸಲಿಲ್ಲ, ಆಡುವವರೇ ಕಂಡುಕೊಂಡರು. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಎಂಬ ಹಿಂದಿನ ಆಟದ ಕಾಲದಲ್ಲೇ ಅವರು ಒಂದು ಖಾತೆಪುಸ್ತಕ ಇಟ್ಟಿದ್ದರು. ಎಷ್ಟು ಸಲ ಬಂದೆ, ಎಷ್ಟು ಹೊತ್ತು ನಿಂತೆ ಎಂಬುದಕ್ಕೆ ಅಂಕ. ಕೂಡಿಟ್ಟ ಅಂಕದಿಂದ ಆಭರಣ ಪಡೆಯಬಹುದು. ಪಡೆದವನ ಅಂಕ ಇಳಿಯುತ್ತದೆ, ಮುಂದಿನ ಸರದಿ ಇನ್ನೊಬ್ಬನಿಗೆ. ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾವ ಪಕ್ಷವೂ ಪಾಠ ಹೇಳದೆ, ಒಬ್ಬರ ಮುಖ ಒಬ್ಬರು ಕಾಣದ ಯುವಕರು ಸಹಕಾರ ಸಂಘವನ್ನು ತಾವೇ ಕಟ್ಟಿದರು. ಇದು ಸಣ್ಣ ಮಾತಲ್ಲ.

ಆ ಕಲ್ಪನೆಯ ದೇಶದ ದುಡಿಮೆಗೆ ನಿಜವಾದ ಬೆಲೆಯಿದೆಯೆಂಬುದನ್ನೂ ವಿದ್ವಾಂಸರು ತೋರಿಸಿದ್ದಾರೆ. ಎಡ್ವರ್ಡ್ ಕ್ಯಾಸ್ಟ್ರೊನೊವಾ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲಿ ಎವರ್‌ಕ್ವೆಸ್ಟಿನ ದೇಶದ ತಲಾ ಉತ್ಪನ್ನವನ್ನು ಲೆಕ್ಕ ಹಾಕಿದಾಗ ಅದು ರಷ್ಯಾ ಮತ್ತು ಬಲ್ಗೇರಿಯಾ ದೇಶಗಳ ನಡುವೆ ಬಂದು ನಿಂತಿತು. ಬೆಲೆಯಿದೆಯೆಂದ ಮೇಲೆ ದಲ್ಲಾಳಿ ಬಾರದಿರುತ್ತಾನೆಯೆ? ಚೀನಾದಲ್ಲಿ ಸಾಲುಸಾಲು ಗಣಕಯಂತ್ರಗಳ ಮುಂದೆ ಹುಡುಗರನ್ನು ಕೂರಿಸಿ, ಹನ್ನೆರಡು ಗಂಟೆಯ ಪಾಳಿಯಲ್ಲಿ ಆಟದ ಚಿನ್ನ ಅಗೆಸಿ, ಅದನ್ನು ಅಮೆರಿಕೆಯ ಆಟಗಾರರಿಗೆ ಡಾಲರಿಗೆ ಮಾರುವ ಕಾರ್ಖಾನೆಗಳು ಎದ್ದವು. ಮುಂದೆ ವೆನೆಜುವೆಲಾದ ನಾಣ್ಯ ಕುಸಿದಾಗ ಅಲ್ಲಿನ ಅನೇಕರು ರೂನ್‌ಸ್ಕೇಪಿನಲ್ಲಿ ಚಿನ್ನ ಗಳಿಸಿ ಮಾರಿ ಅಕ್ಕಿ ಬೇಳೆ ತಂದರು. ಒಬ್ಬನ ಆಟ ಇನ್ನೊಬ್ಬನ ಕೂಲಿ.

ಕೆಟ್ಟದ್ದು ಎಲ್ಲಿ?

ಹಾಗಾದರೆ ಕೆಟ್ಟದ್ದು ಎಲ್ಲಿ? ನಮ್ಮ ಅಭಿಪ್ರಾಯದಲ್ಲಿ ಮೂರು ಕಡೆ.

ಮೊದಲನೆಯದು, ಸಂಘ ಒಡೆಯಿತು. 2009ರ ಡಿಸೆಂಬರಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ಒಂದು ಅನುಕೂಲ ಬಂದಿತು. ಗುಂಡಿ ಒತ್ತಿದರೆ ಯಂತ್ರವೇ ಎಲ್ಲಿಂದಲೋ ಐದು ಜನರನ್ನು ಒಟ್ಟುಮಾಡಿ ಗುಹೆಯೊಳಕ್ಕೆ ಬಿಡುತ್ತದೆ. ಅನುಕೂಲವೇನೋ ನಿಜ. ಆದರೆ ಒಟ್ಟಾದವರು ಹೆಸರು ಕೇಳುವುದಿಲ್ಲ, ಕೆಲಸ ಮುಗಿದೊಡನೆ ಚದುರುತ್ತಾರೆ, ಮತ್ತೆ ಸಿಗುವುದಿಲ್ಲ. ಬೆಳಿಗ್ಗೆ ವೃತ್ತದಲ್ಲಿ ನಿಂತ ಕೂಲಿಯವರನ್ನು ಮೇಸ್ತ್ರಿ “ನೀನು, ನೀನು, ನೀನು” ಎಂದು ಲಾರಿ ಹತ್ತಿಸುವ ರೀತಿ ಇದು. ಹಾಗೆ ಲಾರಿ ಹತ್ತಿದವರು ಸಂಘ ಕಟ್ಟಿದ್ದನ್ನು ಯಾರಾದರೂ ಕಂಡಿದ್ದೀರಾ? ಈಗಿನ ಎಷ್ಟೋ ಆಟಗಳು ಹೆಸರಿಗೆ ಸಾವಿರಾರು ಜನರವು, ಆಡುವವನು ಒಂಟಿ.

ಎರಡನೆಯದು, ಆಟಕ್ಕೆ ಹಾಜರಿ ಪುಸ್ತಕ ಬಂದಿತು. ದಿನಾ ಬಂದು ಇಷ್ಟು ಕೆಲಸ ಮಾಡಿದರೆ ಇಷ್ಟು ಬಹುಮಾನ. ಒಂದು ದಿನ ತಪ್ಪಿದರೆ ಸರಣಿ ಮುರಿಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಒಂದು “ಪಾಸು”. ದುಡ್ಡು ಕೊಟ್ಟು ಕೊಂಡ ಮೇಲೂ ಅವಧಿಯೊಳಗೆ ದುಡಿದು ಮುಗಿಸದಿದ್ದರೆ ಬಹುಮಾನ ಹೋಯಿತು. ನಾವೇ ಹಣ ಕೊಟ್ಟು ನಾವೇ ಪಾಳಿ ಮಾಡುವುದು! ಇಷ್ಟು ಜಾಣ ಮಾಲೀಕನನ್ನು ನಮ್ಮ ಮಿಲ್ಲುಗಳೂ ಕಂಡಿರಲಿಲ್ಲ. ಹಲಸೂರಿನಿಂದ ಕೆ.ಆರ್.ಪುರಕ್ಕೆ ನೇರಳೆ ಮೆಟ್ರೋದಲ್ಲಿ ರಾತ್ರಿ ಹತ್ತು ಗಂಟೆಗೆ ಹೋಗಿ ನೋಡಿ. ಇಂದಿರಾನಗರದ ಹೋಟೆಲುಗಳಲ್ಲಿ ತಟ್ಟೆ ಎತ್ತಿ ದಣಿದ ಹುಡುಗರು ಕಣ್ಣು ಬಿಡಲಾರದೆ ಮೊಬೈಲಿನಲ್ಲಿ ಆ ದಿನದ “ಕೆಲಸ” ಮುಗಿಸುತ್ತಿರುತ್ತಾರೆ.

ಮೂರನೆಯದು, ಎಲ್ಲಕ್ಕಿಂತ ಕೆಟ್ಟದ್ದು, ದುಡಿಮೆಯ ಜಾಗದಲ್ಲಿ ದುಡ್ಡು ಬಂದು ಕುಳಿತಿತು. ಮೊದಲು ತಿಂಗಳಿಗೆ ಹದಿನೈದು ಡಾಲರಿನಷ್ಟು ಚಂದಾ ಇತ್ತು. ಅದು ಎಲ್ಲರಿಗೂ ಒಂದೇ. 2015ರಲ್ಲಿ ಅದೇ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕಂಪೆನಿ ತಾನೇ ಟೋಕನ್ ಮಾರಿ, ಡಾಲರು ಕೊಟ್ಟವರು ಅದನ್ನು ಆಟದ ಚಿನ್ನಕ್ಕೆ ಬದಲಾಯಿಸಿಕೊಳ್ಳಬಹುದೆಂದಿತು. ಕಳ್ಳಸಂತೆಯ ದಲ್ಲಾಳಿಯನ್ನು ಓಡಿಸುತ್ತೇವೆಂದು ಹೇಳಿ ಅವನ ಅಂಗಡಿಯಲ್ಲಿ ತಾವೇ ಕುಳಿತರು. ಇನ್ನು ಮೊಬೈಲಿನ ಆಟಗಳಲ್ಲಂತೂ ಬಲವೇ ಮಾರಾಟಕ್ಕಿದೆ. ಕುರುಕ್ಷೇತ್ರ ನಾಟಕದಲ್ಲಿಯೂ ಪಾರ್ಟಿಗೆ ದುಡ್ಡುಂಟು. ಹೆಚ್ಚು ಕೊಟ್ಟವರಿಗೆ ಕೃಷ್ಣ, ಕಡಿಮೆ ಕೊಟ್ಟವರಿಗೆ ಸೈಂಧವ. ಆದರೆ ಕೃಷ್ಣನ ಪಾರ್ಟು ಕೊಂಡವರು ರಂಗದ ಮೇಲೆ ಪದ್ಯವನ್ನು ತಾವೇ ಹೇಳಬೇಕು. ಶ್ರುತಿ ತಪ್ಪಿದರೆ ಜನ ನಗುತ್ತಾರೆ. ಇಲ್ಲಿ ಪದ್ಯವನ್ನೂ ದುಡ್ಡೇ ಹೇಳುತ್ತದೆ.

ಮುಚ್ಚಿದ ಪೆಟ್ಟಿಗೆಯ ಲೆಕ್ಕ

ಆ ಹುಡುಗನ 6,200 ರೂಪಾಯಿ ಹೋದದ್ದು ಕತ್ತಿಗಲ್ಲ, ಕತ್ತಿ ಇರಬಹುದಾದ ಪೆಟ್ಟಿಗೆಗೆ. ಹಣ ಕೊಟ್ಟು ಪೆಟ್ಟಿಗೆ ತೆರೆಯಬೇಕು. ಒಳಗೆ ಹೆಚ್ಚಾಗಿ ಕಸ, ಎಲ್ಲೋ ಒಮ್ಮೆ ಕತ್ತಿ. ನೂರಕ್ಕೆ ಒಂದು ಸಾಧ್ಯತೆ ಎಂದು ಬರೆದಿದ್ದರೆ ನೂರು ಪೆಟ್ಟಿಗೆ ತೆರೆದವನಿಗೆ ಖಂಡಿತ ಸಿಗುತ್ತದೆಂದು ಜನ ತಿಳಿಯುತ್ತಾರೆ. ಹಾಗಲ್ಲ. ಲೆಕ್ಕ ಹಾಕಿ ನೋಡಿ: ನೂರು ಜನ ತಲಾ ನೂರು ಪೆಟ್ಟಿಗೆ ತೆರೆದರೆ ಅವರಲ್ಲಿ ಸುಮಾರು 37 ಜನ ಬರಿಗೈಯಲ್ಲಿ ಏಳುತ್ತಾರೆ. ಕತ್ತಿ ಸಿಕ್ಕವನು ಕೂಗಿ ಹೇಳುತ್ತಾನೆ, ಸಿಗದವನು ನಾಚಿ ಸುಮ್ಮನಿರುತ್ತಾನೆ. ಒಂದಂಕಿ ಲಾಟರಿಯ ಕಾಲವನ್ನು ನಮ್ಮ ಅಂಗಡಿಯವರು ಮರೆತಿಲ್ಲವಷ್ಟೆ? ಕೂಲಿ ತೆಗೆದುಕೊಂಡು ಮನೆಗೆ ಹೊರಟವರು ದಾರಿಯ ಲಾಟರಿ ಮೇಜಿನ ಮುಂದೆ ಬರಿದಾಗುತ್ತಿದ್ದರು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಆ ಮೇಜು ಈಗ ಜೇಬಿನೊಳಕ್ಕೆ ಬಂದಿದೆ.

ಬರೆದ ಸಾಧ್ಯತೆಯಾದರೂ ಸತ್ಯವೆ? ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪೆನಿ ತನ್ನ ಮೇಪಲ್‌ಸ್ಟೋರಿ ಎಂಬ ಆಟದಲ್ಲಿ ಇಂತಹ ವಸ್ತುಗಳ ಸಾಧ್ಯತೆಯನ್ನು ಆಟಗಾರರಿಗೆ ತಿಳಿಸದೆ ಬದಲಿಸಿತ್ತೆಂದು, ಅಲ್ಲಿಯ ವ್ಯಾಪಾರ ಆಯೋಗ 2024ರ ಜನವರಿಯಲ್ಲಿ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ತಕ್ಕಡಿಯ ಕೆಳಗೆ ಮೇಣ ಅಂಟಿಸಿದ ವ್ಯಾಪಾರಿಯನ್ನು ನಮ್ಮ ಸಂತೆಯಲ್ಲಿ ಏನು ಮಾಡುತ್ತಾರೆ, ಓದುಗರೇ ಹೇಳಲಿ. ಅದೇ ವರ್ಷದ ಮಾರ್ಚಿಯಿಂದ ಆ ದೇಶದಲ್ಲಿ ಸಾಧ್ಯತೆಯನ್ನು ಬಹಿರಂಗಪಡಿಸುವುದು ಕಾನೂನಿನಂತೆ ಕಡ್ಡಾಯ. ಬೆಲ್ಜಿಯಂ ದೇಶ 2018ರಲ್ಲೇ ಇಂತಹ ಪೆಟ್ಟಿಗೆಗಳನ್ನು ಜೂಜೆಂದು ಸಾರಿತು. ಹಾಗೆಂದೇ 2022ರಲ್ಲಿ ಡಯಾಬ್ಲೊ ಇಮ್ಮಾರ್ಟಲ್ ಎಂಬ ಆಟ ಲೋಕಕ್ಕೆಲ್ಲ ಬಂದರೂ ಬೆಲ್ಜಿಯಂಗೆ ಬರಲಿಲ್ಲ. ಪೆಟ್ಟಿಗೆ ತೆಗೆದು ಆಟ ಕೊಡುವುದಕ್ಕಿಂತ ಆಟವನ್ನೇ ಕೊಡದಿರುವುದು ಕಂಪೆನಿಗೆ ಮೇಲೆನಿಸಿತು! ಲಾಭ ಎಲ್ಲಿದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮಲ್ಲಿ? ಪಣ ಕಟ್ಟುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿ 14ರಂದು ಹೈಕೋರ್ಟು ಅದರ ಮುಖ್ಯ ವಿಧಿಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹಣದ ಆಟಗಳನ್ನು ನಿಷೇಧಿಸುವ ಕಾಯಿದೆ ತಂದಿತು. ನಡೆಸುವವರಿಗೆ ಮೂರು ವರ್ಷದ ತನಕ ಸಜೆ, ಒಂದು ಕೋಟಿ ರೂಪಾಯಿಯ ತನಕ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ, ಇದನ್ನು ನಾವು ಒಪ್ಪುತ್ತೇವೆ. ಆದರೆ ಕತ್ತಿಯ ಪೆಟ್ಟಿಗೆಯನ್ನು ಆ ಕಾಯಿದೆ ಹೆಸರೆತ್ತಿ ಹೇಳುವುದಿಲ್ಲ. ಗೆದ್ದರೆ ಹಣ ಬರುವ ಜೂಜು ಅಪರಾಧ. ಗೆದ್ದರೂ ಹಣ ಬಾರದ, ಸೋತರೆ ಮಾತ್ರ ಹೋಗುವ ಜೂಜು ವಿನೋದ! ಇದು ಯಾವ ನ್ಯಾಯ?

ಕಾರ್ಖಾನೆಯ ಸರಕಿನ ಬೆಲೆ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟನ್ನು ಮೀರಬಾರದೆಂದು ಡಾ. ಲೋಹಿಯಾ ವಾದಿಸುತ್ತಿದ್ದರು. ಈ ಕತ್ತಿಗೆ ಆ ಲೆಕ್ಕ ಹಿಡಿಯಿರಿ. ಮೊದಲ ಕತ್ತಿಯನ್ನು ಬರೆದ ಕಲಾವಿದನಿಗೆ ಕೂಲಿಯುಂಟು, ಸರಿ. ಎರಡನೆಯ ಕತ್ತಿಗೆ? ಹತ್ತು ಲಕ್ಷದನೆಯ ಕತ್ತಿಗೆ? ಕಬ್ಬಿಣವಿಲ್ಲ, ಇದ್ದಿಲಿಲ್ಲ, ಸಾಗಣೆಯಿಲ್ಲ. ವೆಚ್ಚ ಹೆಚ್ಚುಕಡಿಮೆ ಸೊನ್ನೆ. ಸೊನ್ನೆಯ ಒಂದೂವರೆ ಪಟ್ಟು ಎಷ್ಟು? ಇಷ್ಟಾಗಿಯೂ ಆ ಕತ್ತಿ ಕೊಂಡವನದಾಗುವುದಿಲ್ಲ. ನಮ್ಮ ಹುಡುಗ ಹಣ ವಾಪಸು ಕೇಳಿ ಬರೆದಾಗ ಬಂದ ಉತ್ತರವನ್ನು ನಮಗೆ ತೋರಿಸಿದ. ಆಟದೊಳಗಿನ ವಸ್ತು ಅವನ ಸ್ವತ್ತಲ್ಲ, ಬಳಸಲು ಕೊಟ್ಟ ಅಪ್ಪಣೆ ಮಾತ್ರವಂತೆ. ಇದನ್ನು ಅವನು ಒಪ್ಪಿ ಗುಂಡಿ ಒತ್ತಿದ್ದು ಇಂಗ್ಲಿಷಿನ ನಲವತ್ತು ಪುಟದ ಕರಾರಿಗೆ. 2012ರ ನವೆಂಬರ್ 30ರಂದು ಸಿಟಿ ಆಫ್ ಹೀರೋಸ್ ಎಂಬ ಆಟವನ್ನು ಅದರ ಕಂಪೆನಿ ಮುಚ್ಚಿದಾಗ ಎಂಟು ವರ್ಷ ಅಲ್ಲಿ ಬಾಳಿದವರ ಊರಿಗೂರೇ ಒಂದೇ ರಾತ್ರಿಯಲ್ಲಿ ಅಳಿಸಿಹೋಯಿತು. ಉಳುವವನಿಗೆ ಹಕ್ಕಿಲ್ಲದ ಗೇಣಿ ಭೂಮಿಯ ಕಥೆಯನ್ನು ನಮ್ಮ ಪಕ್ಷದವರಿಗೆ ಹೊಸದಾಗಿ ಹೇಳಬೇಕೆ?

ಈ ಲೋಕ ಕಟ್ಟುವವರು ಯಾರು?

ಕತ್ತಿ ಬರೆದ ಕಲಾವಿದ ಎಂದೆವು. ಅವನೂ ದೂರದವನಲ್ಲ. ಭಾರತದ ಮೊದಲ ಆಟ ತಯಾರಿಕೆಯ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರ್‌ಆಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. 2019ರಲ್ಲಿ ಅದನ್ನು ಅಮೆರಿಕೆಯ ರಾಕ್‌ಸ್ಟಾರ್ ಕೊಂಡುಕೊಂಡು ತನ್ನ ಬೆಂಗಳೂರು ಶಾಖೆಯೊಡನೆ ಸೇರಿಸಿತು. ಅದೇ ರಾಕ್‌ಸ್ಟಾರಿನ ಆಟದಲ್ಲಿ ಜನ ತಮ್ಮಷ್ಟಕ್ಕೆ ತಾವೇ ಪೊಲೀಸು, ಟ್ಯಾಕ್ಸಿಯವನು, ಮೆಕ್ಯಾನಿಕ್ಕು ಎಂದು ವೇಷ ಕಟ್ಟಿ ಊರು ನಡೆಸುವ ಪದ್ಧತಿ ಬೆಳೆಸಿದ್ದರು. 2023ರಲ್ಲಿ ಆ ಏರ್ಪಾಟು ಕಟ್ಟಿದವರ ಗುಂಪನ್ನೂ ಕಂಪೆನಿ ಕೊಂಡಿತು. 2025ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಟೆಕ್ನಿಕಲರ್ ಕಂಪೆನಿ ಕುಸಿದಾಗ ಬೆಂಗಳೂರಿನ ಅದರ ಶಾಖೆ ಬಾಗಿಲು ಹಾಕಿ, ಸಿನಿಮಾ ಮತ್ತು ಆಟಗಳ ಚಿತ್ರ ಕೆಲಸದ ಸಾವಿರಾರು ಜನ ಬೀದಿಗೆ ಬಂದರು. ಹವಾನಿಯಂತ್ರಣದ ಕೋಣೆಯಲ್ಲಿದ್ದರೂ ಕೂಲಿ ಕೂಲಿಯೇ.

ಆ ಕಲಾವಿದರಿಗೆ ಒಂದು ಮಾತು ನೆನಪಿಸುತ್ತೇವೆ. ಕೆ.ಆರ್.ಪುರದ ಪಕ್ಕದ ದೂರವಾಣಿನಗರದಲ್ಲಿ 1948ರಿಂದ ಐ.ಟಿ.ಐ. ಕಾರ್ಖಾನೆಯಿದೆ. 1980ರ ಡಿಸೆಂಬರಿನಿಂದ 1981ರ ಮಾರ್ಚಿಯ ತನಕ ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳ ಕೆಲಸಗಾರರು 77 ದಿನ ಮುಷ್ಕರ ನಡೆಸಿದಾಗ ಈ ಪೂರ್ವ ಭಾಗದ ರಸ್ತೆಗಳಲ್ಲಿ ಸೈಕಲ್ಲುಗಳ ಮೆರವಣಿಗೆ ನಡೆದಿತ್ತು. ಅದು ಹಳೆಯ ಕಥೆಯೆನ್ನಬೇಡಿ. ಬ್ಲಿಝಾರ್ಡನ್ನು 2023ರಲ್ಲಿ ಕೊಂಡ ಮೈಕ್ರೋಸಾಫ್ಟ್, 2024ರ ಜನವರಿಯಲ್ಲಿ ತನ್ನ ಆಟದ ವಿಭಾಗದಿಂದ 1,900 ಜನರನ್ನು ತೆಗೆದುಹಾಕಿತು. ಅದೇ ವರ್ಷದ ಜುಲೈಯಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ತಯಾರಿಸುವ ಐನೂರಕ್ಕೂ ಹೆಚ್ಚು ಕೆಲಸಗಾರರು ಯೂನಿಯನ್ ಕಟ್ಟಿದರು. ಅದಕ್ಕೆ ಅವರಿಟ್ಟ ಹೆಸರಿನಲ್ಲಿಯೂ “ಗಿಲ್ಡ್” ಎಂಬ ಮಾತಿದೆ. ಆಟದೊಳಗಿನ ಮಾತು ಆಟ ಕಟ್ಟುವವರ ಗೇಟಿಗೆ ಬಂದಿತು.

ಆಡುವವರೂ ಗೆದ್ದದ್ದುಂಟು

ಆಡುವವರು ಮಾಡುವುದೇನಿದೆ ಎಂದು ಕೈಚೆಲ್ಲುವವರಿಗೆ ಎರಡು ಉದಾಹರಣೆ ಕೊಡುತ್ತೇವೆ.

ಐಸ್‌ಲೆಂಡಿನವರ ಈವ್ ಆನ್‌ಲೈನ್ ಎಂಬ ಆಟ 2003ರಿಂದ ನಡೆಯುತ್ತಿದೆ. ಅದರಲ್ಲಿ 2008ರಿಂದ ಆಟಗಾರರೇ ಮತ ಹಾಕಿ ಆರಿಸುವ ಸಮಿತಿಯೊಂದಿದೆ. 2011ರ ಜೂನಿನಲ್ಲಿ ಕಂಪೆನಿ ವಿಪರೀತ ಬೆಲೆಯ ಒಡವೆಗಳ ಅಂಗಡಿ ತೆರೆದಾಗ, ಮುಂದೆ ಬಲವನ್ನೂ ಮಾರುತ್ತಾರೆಂಬ ಗುಮಾನಿಯಿಂದ ಆಟಗಾರರು ಸಿಡಿದೆದ್ದರು. ಚಂದಾ ನಿಲ್ಲಿಸಿದರು, ಆಟದೊಳಗಿನ ದೊಡ್ಡ ಪೇಟೆಯಲ್ಲಿ ಗುಂಪುಗೂಡಿ ಅಲ್ಲಿಯ ಸ್ಮಾರಕಕ್ಕೆ ಗುಂಡಿನ ಮಳೆಗರೆದರು. ಕಂಪೆನಿ ಸಮಿತಿಯವರನ್ನು ತುರ್ತಾಗಿ ತನ್ನ ರಾಜಧಾನಿಗೆ ಕರೆಸಿ ಮಾತಾಡಿತು. ಅಕ್ಟೋಬರಿನಲ್ಲಿ ಮುಖ್ಯಸ್ಥರು ಕ್ಷಮೆ ಕೇಳಿದರು.

ಎರಡನೆಯದು ನಮ್ಮ ಹಳೆಯ ರೂನ್‌ಸ್ಕೇಪು. ಅದರ ಹಳೆಯ ರೂಪ ಬೇಕೆಂದು ಆಟಗಾರರು ಮತ ಹಾಕಿದ ಮೇಲೆ 2013ರ ಫೆಬ್ರುವರಿಯಲ್ಲಿ ಅದು ಮತ್ತೆ ಬಂದಿತು. ಅಂದಿನಿಂದ ಆ ರೂಪದಲ್ಲಿ ಹೊಸದೇನಾದರೂ ಸೇರಿಸಬೇಕಾದರೆ ಆಟಗಾರರ ಮತಕ್ಕೆ ಹಾಕುವ ಪದ್ಧತಿಯಿದೆ; ಬರಿಯ ಬಹುಮತ ಸಾಲದು, ಮೊದಲು ನೂರಕ್ಕೆ 75, ಈಚೆಗೆ 70 ಮತ ಬೇಕು. ಹೊಸ ರೂಪದಲ್ಲಿ ಮಾತ್ರ 2012ರಿಂದ ಅದೃಷ್ಟದ ಚಕ್ರ, ಅನಂತರ ಅದೃಷ್ಟದ ಪೆಟ್ಟಿಗೆ ಬಂದು ಕುಳಿತಿದ್ದವು. 2025ರ ನವೆಂಬರಿನಲ್ಲಿ ಕಂಪೆನಿಯೇ ಆ ಪೆಟ್ಟಿಗೆಯನ್ನು ಮತಕ್ಕೆ ಹಾಕಿ, ಒಂದು ಲಕ್ಷ ಮತ ಬಿದ್ದರೆ ತೆಗೆಯುವುದಾಗಿ ಹೇಳಬೇಕಾಯಿತು. ಒಂದು ಲಕ್ಷ ಮತ ಬಿದ್ದೇ ಬಿದ್ದಿತು. ಪೆಟ್ಟಿಗೆಯಿಲ್ಲದೆ ಆಟ ನಡೆಯುವುದಿಲ್ಲವೆಂಬ ಮಾಲೀಕರ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಆದುದರಿಂದ ನಮ್ಮ ಒತ್ತಾಯ ನಿಷೇಧವಲ್ಲ. ನಿಷೇಧವೆಂದರೆ ಪೊಲೀಸಿನವರು ಹುಡುಗರ ಫೋನು ಕಸಿಯುವುದು, ಕಂಪೆನಿಯವರು ಕೋರ್ಟಿಗೆ ಹೋಗುವುದು. ನಾವು ಕೇಳುವುದು ನಾಲ್ಕೇ: ಮುಚ್ಚಿದ ಪೆಟ್ಟಿಗೆಯ ಮಾರಾಟವನ್ನು ಜೂಜೆಂದು ಕಾಯಿದೆಯಲ್ಲಿ ಹೆಸರಿಸಿ ನಿಲ್ಲಿಸಬೇಕು. ಬೆಲೆಯೂ ಕರಾರೂ ಕನ್ನಡದಲ್ಲಿರಬೇಕು, ರೂಪಾಯಿಯನ್ನು “ವಜ್ರ”, “ನಾಣ್ಯ” ಎಂದು ಮರೆಮಾಡಬಾರದು. ಆಟ ಮುಚ್ಚಿದರೆ ಕೊಂಡ ವಸ್ತುವಿನ ಹಣ ಹಿಂದಿರುಗಬೇಕು. ಆಟ ಕಟ್ಟುವ ಕೆಲಸಗಾರರಿಗೆ ಯೂನಿಯನ್ ಹಕ್ಕು, ಕೆಲಸದ ಅವಧಿಯ ಮಿತಿ ಇರಬೇಕು.

ನಮ್ಮ ಮೇಲೂ ಒಂದು ದೂರು

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ಹೊರಡುವಾಗ ನಾವು ಆ ಹುಡುಗನನ್ನು ಕೇಳಿದೆವು, “ನಿನ್ನ ಗುಂಪಿನಲ್ಲಿ ಎಷ್ಟು ಜನ?” “ಇಪ್ಪತ್ತೆರಡು ಸಾರ್. ಹೂಡಿಯವರು, ಮಹದೇವಪುರದವರು, ಆರು ಜನ ನಮ್ಮ ಗೋಡೌನಿನವರೇ. ರಾತ್ರಿ ಒಂಬತ್ತೂವರೆ ಅಂದ್ರೆ ಒಂಬತ್ತೂವರೆಗೆ ಎಲ್ಲರೂ ಇರ್ತಾರೆ.” ಯಾರಿಗೆ ಯಾವ ಕೆಲಸ, ಯಾರು ಯಾರಿಗೆ ಕಾವಲು, ಸಿಕ್ಕಿದ್ದನ್ನು ಹಂಚುವುದು ಹೇಗೆ, ಎಲ್ಲವನ್ನೂ ಅವನು ಬೆರಳೆಣಿಸಿ ಹೇಳಿದ. ನಮ್ಮ ಸಂಘದ ಸಭೆ ಆರು ಗಂಟೆಗೆಂದರೆ ಏಳೂಕಾಲಿಗೆ ಒಂಬತ್ತು ಜನ ಸೇರುತ್ತಾರೆ. ಅದರಲ್ಲಿ ನಾಲ್ವರು ಭಾಷಣ ಮಾಡುವವರು. ಭಾಷಣ ಕೇಳಿದವನಿಗೆ ಒಂದು ಕೆಲಸ ಕೊಟ್ಟು, ಅವನು ಮಾಡಿದ್ದನ್ನು ಲೆಕ್ಕವಿಟ್ಟು, ಮುಂದಿನ ಸಲ ಹೆಸರು ಹಿಡಿದು ಕರೆದಿದ್ದೇವೆಯೆ? ಇಲ್ಲ. ಯುವಕರು ಬರುವುದಿಲ್ಲವೆಂದು ಗೊಣಗುವ ಹಿರಿಯರು ಇದನ್ನು ಯೋಚಿಸಲಿ.

“ಗೋಡೌನಿನಲ್ಲಿ ಓವರ್‌ಟೈಮ್ ಹಣ ಸರಿಯಾಗಿ ಬರುತ್ತದೆಯೆ?” ಎಂದು ಕೇಳಿದೆವು. ಅವನು ನಕ್ಕ. “ಅದನ್ನ ಕೇಳೋದು ಹೇಗೆ ಸಾರ್?” ಎಂದ. ಇಪ್ಪತ್ತೆರಡು ಜನ ಕೂಡಿ ದೈತ್ಯನನ್ನು ಕೆಡಹುವವರಿಗೆ ಸೂಪರ್‌ವೈಸರ್ ಒಬ್ಬನನ್ನು ಕೇಳುವುದು ಹೇಗೆಂದು ತಿಳಿಯದಿದ್ದರೆ, ಆ ಪಾಠ ಹೇಳಬೇಕಾದ ಮೇಷ್ಟ್ರುಗಳು ಎಲ್ಲಿ ಹೋಗಿದ್ದರು?

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಆರು ಜನ ಕೆ.ಆರ್.ಪುರದ ಅದೇ ಕೋಣೆಯಲ್ಲಿ ಸೇರುವುದೆಂದು ಗೊತ್ತಾಗಿದೆ. ಪ್ರತಿಯೊಬ್ಬರೂ ಮೂರು ತಿಂಗಳ ಸಂಬಳದ ಚೀಟಿ ತರಬೇಕು. ನಾವು ಹತ್ತಕ್ಕೆ ಮೊದಲೇ ಅಲ್ಲಿರುತ್ತೇವೆ. ಅವರ ಆಟಕ್ಕೆ ನಮ್ಮ ಅಡ್ಡಿಯಿಲ್ಲ. ಪೆಟ್ಟಿಗೆ ಮಾತ್ರ ತೆರೆಯುವುದಿಲ್ಲವೆಂದು ಹುಡುಗ ಅಪ್ಪನಿಗೆ ಫೋನಿನಲ್ಲಿ ಮಾತು ಕೊಟ್ಟಿದ್ದಾನೆ.